ಹೊಟ್ಟೆಯೊಳಗೆ ದೀಪ ಹಚ್ಚಿದವರು

ಮನುಷ್ಯನು ದುರ್ಬೀನನ್ನು ಆಕಾಶದತ್ತ ತಿರುಗಿಸಿ ಚಂದ್ರನ ಮೇಲಿನ ಕುಳಿಗಳನ್ನು ಕಂಡದ್ದು ೧೬೦೯ನೆಯ ಇಸವಿಯಲ್ಲಿ. ತನ್ನ ಹೊಟ್ಟೆಯೊಳಗೆ ಏನಿದೆಯೆಂಬುದನ್ನು, ಹೊಟ್ಟೆಯನ್ನು ಸೀಳದೆ, ಜೀವಂತ ಮನುಷ್ಯನಲ್ಲಿ ಕಣ್ಣಾರೆ ಕಾಣಲು ಅವನಿಗೆ ಅಲ್ಲಿಂದ ಮುಂದೆ ಮುನ್ನೂರು ವರ್ಷಗಳು ಬೇಕಾದುವು. ಎರಡು ಲಕ್ಷ ಮೈಲುಗಳಿಗೂ ಆಚೆಗಿರುವ ಚಂದ್ರನಿಗಿಂತ ಎರಡು ಅಂಗುಲ ಒಳಗಿರುವ ಪಿತ್ತಕೋಶವೇ ನಮಗೆ ಹೆಚ್ಚು ದೂರವಾಗಿತ್ತೆಂದರೆ ಓದುಗರು ನಗಬಹುದು. ಆದರೆ ಕಾರಣವು ಬಹು ಸರಳವಾದುದು. ಚಂದ್ರನ ಮೇಲೆ ಸೂರ್ಯನ ಬೆಳಕು ಬೀಳುತ್ತದೆ, ಹೊಟ್ಟೆಯೊಳಗೆ ಗಾಢಾಂಧಕಾರ. ಅಲ್ಲಿಗೆ ದೀಪವನ್ನು ಒಯ್ಯುವುದು ಹೇಗೆ, ಒಯ್ದ ಮೇಲೆ ಅಲ್ಲಿ ಕಂಡದ್ದನ್ನು ಹೊರಗೆ ತರುವುದು ಹೇಗೆ ಎಂಬ ಎರಡೇ ಪ್ರಶ್ನೆಗಳಿಗಾಗಿ ಎಷ್ಟು ಜನರ ಆಯುಷ್ಯವು ಸವೆದಿದೆಯೆಂಬುದನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಮುಂಬಯಿಯ ಬೀದಿಯ ಮಾತಿನಲ್ಲಿ ಈ ಚಿಕಿತ್ಸೆಗೆ 'ದುರ್ಬೀನಿನ ಆಪರೇಶನ್' ಎಂದೇ ಹೆಸರು. ವೈದ್ಯರು ಲ್ಯಾಪರೊಸ್ಕೋಪಿ ಎನ್ನುತ್ತಾರೆ. ಹೆಸರಿಟ್ಟ ಬೀದಿಯ ಜನ ದಡ್ಡರಲ್ಲ. ಹೊಕ್ಕುಳ ಬಳಿ ಅರ್ಧ ಅಂಗುಲದಷ್ಟು ರಂಧ್ರ ಮಾಡಿ, ಅದರೊಳಗಿಂದ ಒಂದು ಸಪೂರವಾದ ದುರ್ಬೀನನ್ನೇ ಇಳಿಸುತ್ತಾರೆ. ಮತ್ತೆರಡು ಮೂರು ಕಿರಿರಂಧ್ರಗಳಿಂದ ಉದ್ದ ಹಿಡಿಕೆಯ ಕತ್ತರಿ, ಇಕ್ಕಳಗಳು ಹೋಗುತ್ತವೆ. ವೈದ್ಯರು ಟೆಲಿವಿಷನ್ನಿನ ಪರದೆಯನ್ನು ನೋಡುತ್ತ ಕೆಲಸ ಮಾಡುತ್ತಾರೆ. ನಾನು ರಾತ್ರಿಶಾಲೆಯಲ್ಲಿ ಎಸ್.ಎಸ್.ಎಲ್.ಸಿ.ಯವರೆಗೆ ಓದಿ, ಗಲ್ಲಾಪೆಟ್ಟಿಗೆಯ ಹಿಂದೆ ಬಹುಕಾಲ ಕುಳಿತು, ಆಮೇಲೆ ಈ ಸಂಪಾದಕನ ಕುರ್ಚಿಗೆ ಬಂದವನು. ದೃಗ್ವಿಜ್ಞಾನದ ಪಂಡಿತನೆಂಬ ಭ್ರಮೆ ಯಾರಿಗೂ ಬೇಡ. ಆದರೂ ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದುದಕ್ಕೆ ಹೋಟೇಲೇ ಕಾರಣ.

ಗಾಯದ ಗುರುತು ದೊಡ್ಡದೋ ಚಿಕ್ಕದೋ ಎಂಬುದು ಹಣವಂತರಿಗೆ ಚೆಲುವಿನ ಪ್ರಶ್ನೆಯಾಗಿರಬಹುದು. ರಟ್ಟೆ ಮುರಿದು ದುಡಿಯುವವನಿಗೆ ಅದು ಅನ್ನದ ಪ್ರಶ್ನೆ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಾನು ಮಾಣಿಯಾಗಿದ್ದ ಹೋಟೇಲೊಂದರಲ್ಲಿ ಭಟ್ಟರೊಬ್ಬರು ಸಾಂಬಾರಿಗೆ ನಿಂತಿದ್ದರು. ಅವರಿಗೆ ಪಿತ್ತಕೋಶದಲ್ಲಿ ಕಲ್ಲು. ಪಕ್ಕೆಲುಬಿನ ಕೆಳಗೆ ಓರೆಯಾಗಿ ಗೇಣುದ್ದ ಕೊಯ್ದು ಅದನ್ನು ತೆಗೆದರು. ಶಸ್ತ್ರಕ್ರಿಯೆಯು ಸರಿಯಾಗಿಯೇ ಆಯಿತು. ವೈದ್ಯರ ಮೇಲೆ ಯಾವ ದೂರೂ ಇಲ್ಲ. ಆದರೆ ಎರಡು ತಿಂಗಳು ಭಾರ ಎತ್ತಕೂಡದೆಂದು ಹೇಳಿ ಕಳುಹಿಸಿದರು. ಹೋಟೇಲಿನ ಸಾಂಬಾರಿನ ಪಾತ್ರೆಯನ್ನು ಎತ್ತದೆ ಅಡಿಗೆಯವನಾಗಿರುವುದು ಹೇಗೆ? ಭಟ್ಟರು ಊರಿಗೆ ಹೋಗಿ ಹಿಂತಿರುಗಿ ಬರುವಷ್ಟರಲ್ಲಿ ಆ ಒಲೆಯ ಮುಂದೆ ಬೇರೊಬ್ಬರು ನಿಂತಿದ್ದರು. ಯಜಮಾನರು ಕೆಟ್ಟವರೆಂದಲ್ಲ, ಒಲೆಯು ಯಾರಿಗಾಗಿಯೂ ಕಾಯುವುದಿಲ್ಲ. ಮುಂದೆ ನನ್ನದೇ ಹೋಟೇಲಿನ ದೋಸೆಯ ಹುಡುಗನಿಗೆ ಅದೇ ಕಾಯಿಲೆ ಬಂದಾಗ ಅವನಿಗೆ ದುರ್ಬೀನಿನ ಶಸ್ತ್ರಕ್ರಿಯೆ ಮಾಡಿದರು. ಮೂರನೆಯ ದಿನ ಮನೆಗೆ ಬಂದು, ಹದಿನೈದನೆಯ ದಿನ ಕಾವಲಿಯ ಮುಂದೆ ನಿಂತನು. ಕೊಯ್ದು ತೆಗೆದ ವಸ್ತುವು ಇಬ್ಬರಲ್ಲಿಯೂ ಒಂದೇ. ಒಬ್ಬನ ಕೆಲಸ ಹೋಯಿತು, ಒಬ್ಬನ ಕೆಲಸ ಉಳಿಯಿತು. ನಡುವೆ ಇದ್ದದ್ದು ಒಂದು ಗಾಜಿನ ಕಡ್ಡಿ.

ಆ ಕಡ್ಡಿಯ ಕಥೆಯು ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ, ಒಂದು ಮೇಣದ ಬತ್ತಿಯಿಂದ ಆರಂಭವಾಗುತ್ತದೆ. ಫಿಲಿಪ್ ಬೊಜ್ಜಿನಿ ಎಂಬ ತರುಣ ವೈದ್ಯನು ೧೮೦೬ರಲ್ಲಿ ಹೂದಾನಿಯ ಆಕಾರದ ಒಂದು ಲೋಹದ ಲಾಟೀನು ಮಾಡಿ, ಒಳಗೆ ಬತ್ತಿ ಹಚ್ಚಿ, ಅದರ ಬೆಳಕನ್ನು ಕನ್ನಡಿಯಿಂದ ಒಂದು ನಳಿಗೆಯೊಳಕ್ಕೆ ತಿರುಗಿಸಿದನು. ಆ ನಳಿಗೆಯನ್ನು ದೇಹದ ದ್ವಾರಗಳಲ್ಲಿ ಇರಿಸಿ ಒಳಗೆ ನೋಡುವುದು ಅವನ ಉಪಾಯ. ಅದಕ್ಕೆ 'ಬೆಳಕಿನ ವಾಹಕ' ಎಂಬರ್ಥದ ಹೆಸರನ್ನೂ ಇಟ್ಟನು. ವಿಯೆನ್ನಾದ ವೈದ್ಯಮಂಡಲವು ಅದನ್ನು ಒಪ್ಪಲಿಲ್ಲ. ಬೊಜ್ಜಿನಿಯು ೧೮೦೯ರಲ್ಲಿ, ರೋಗಿಗಳನ್ನು ನೋಡಿಕೊಳ್ಳುತ್ತಿದ್ದಾಗ ತನಗೂ ಅಂಟಿದ ಜ್ವರದಿಂದ, ಮೂವತ್ತೈದರ ವಯಸ್ಸಿನಲ್ಲಿಯೇ ತೀರಿಹೋದನು.

ಅವನ ಅನಂತರ ೧೮೬೮ರಲ್ಲಿ ಅಡಾಲ್ಫ್ ಕುಸ್‌ಮೌಲ್ ಎಂಬ ವೈದ್ಯನಿಗೆ ಹೊಳೆದ ಉಪಾಯವು ನಮ್ಮ ಜಾತ್ರೆಗಳನ್ನು ಕಂಡವರಿಗೆ ಸೋಜಿಗವೆನಿಸದು. ಕತ್ತಿ ನುಂಗುವ ಕಸುಬಿನವನೊಬ್ಬನನ್ನು ಕರೆಯಿಸಿ, ಕತ್ತಿಗೆ ಬದಲಾಗಿ ೪೭ ಸೆಂಟಿಮೀಟರ್ ಉದ್ದದ ನೇರ ನಳಿಗೆಯನ್ನು ನುಂಗಲು ಹೇಳಿದನು. ಕಸುಬುದಾರನು ನುಂಗಿದನು. ನಳಿಗೆಯು ಜಠರವನ್ನು ಮುಟ್ಟಿತು. ಆದರೆ ಹೊರಗಿನಿಂದ ಹಾಯಿಸಿದ ದೀಪದ ಬೆಳಕು ಅಷ್ಟು ಆಳಕ್ಕೆ ಸಾಲದೆ, ಕುಸ್‌ಮೌಲನಿಗೆ ಕಾಣಬೇಕಾದುದು ಕಾಣಲಿಲ್ಲ.

ಕೋಣೆಗೆ ಬೆಳಕು ಬೇಕಾದರೆ ಕಿಟಕಿಯ ಹೊರಗೆ ನಿಂತು ದೀಪ ತೋರಿಸಿ ಪ್ರಯೋಜನವಿಲ್ಲ, ದೀಪವನ್ನು ಕೋಣೆಯೊಳಕ್ಕೇ ಒಯ್ಯಬೇಕೆಂದು ಗ್ರಹಿಸಿದವನು ಮ್ಯಾಕ್ಸಿಮಿಲಿಯನ್ ನಿಟ್ಜೆ. ಅವನು ವಿಯೆನ್ನಾದ ಉಪಕರಣ ತಯಾರಕ ಯೋಸೆಫ್ ಲೈಟರನೊಡನೆ ಸೇರಿ ೧೮೭೯ರಲ್ಲಿ ಮೂತ್ರಾಶಯವನ್ನು ನೋಡುವ ನಳಿಗೆಯೊಂದನ್ನು ಮಾಡಿದನು. ಅದರ ತುದಿಯಲ್ಲಿ ವಿದ್ಯುತ್ತಿನಿಂದ ಕೆಂಪಗೆ ಕಾಯುವ ಪ್ಲಾಟಿನಮ್ ತಂತಿ. ಅದು ರೋಗಿಯನ್ನು ಸುಡದಂತೆ ಸುತ್ತಲೂ ತಣ್ಣೀರು ಹರಿಯುವ ಏರ್ಪಾಡು. ಎಡಿಸನ್ನನ ವಿದ್ಯುದ್ದೀಪವು ಬಂದು, ಅದನ್ನು ಬಟಾಣಿಗಿಂತಲೂ ಚಿಕ್ಕದಾಗಿ ಮಾಡಲು ಸಾಧ್ಯವಾದ ಮೇಲೆ ತಣ್ಣೀರಿನ ತೊಡಕು ತಪ್ಪಿತು. ನಿಟ್ಜೆಯ ಎರಡನೆಯ ಕಾಣಿಕೆಯು ಇನ್ನೂ ದೊಡ್ಡದು. ಬರಿಯ ನಳಿಗೆಯಿಂದ ನೋಡಿದರೆ ತುದಿಯ ಎದುರಿಗಿರುವ ಕಾಸಿನಗಲದ ಜಾಗ ಮಾತ್ರ ಕಾಣುವುದು. ಅವನು ನಳಿಗೆಯೊಳಗೆ ಮಸೂರಗಳನ್ನು ಜೋಡಿಸಿ ನೋಟದ ಹರವನ್ನು ಹಿಗ್ಗಿಸಿದನು.

ಇಲ್ಲಿಂದ ಮುಂದಿನ ತೊಂದರೆಯು ಲೆಕ್ಕದ ತೊಂದರೆ. ಆದುದರಿಂದ ನನಗೆ ಬಹಳ ಹಿಡಿಸಿದ ಭಾಗ. ಒಂದಡಿ ಉದ್ದದ, ಪೆನ್ಸಿಲಿಗಿಂತ ಸಪೂರವಾದ ನಳಿಗೆಯಲ್ಲಿ ಬಿಂಬವನ್ನು ಒಂದೇ ಮಸೂರವು ಈ ತುದಿಯಿಂದ ಆ ತುದಿಗೆ ಮುಟ್ಟಿಸಲಾರದು. ಒಂದು ಮಸೂರವು ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ, ಹೀಗೆ ಕೈಯಿಂದ ಕೈಗೆ ದಾಟಿಸಬೇಕು. ಬೆಳಕು ಗಾಳಿಯಿಂದ ಗಾಜಿಗೆ ಹೋಗುವಾಗ, ಗಾಜಿನಿಂದ ಗಾಳಿಗೆ ಬರುವಾಗ, ಪ್ರತಿ ಸಲವೂ ನೂರಕ್ಕೆ ಸುಮಾರು ನಾಲ್ಕು ಪಾಲು ಹಿಂದಕ್ಕೆ ಚಿಮ್ಮಿ ನಷ್ಟವಾಗುತ್ತದೆ. ನಾಲ್ಕು ತಾನೇ ಎಂದು ಅಸಡ್ಡೆ ಮಾಡಬಾರದು. ಊರಿನಿಂದ ಹೊರಟ ತೆಂಗಿನಕಾಯಿಯ ಲೋಡು ನಲವತ್ತು ದಲ್ಲಾಳಿಗಳ ಕೈ ದಾಟಿ ಬಂದು, ಪ್ರತಿಯೊಬ್ಬನೂ ನೂರಕ್ಕೆ ನಾಲ್ಕರಂತೆ ತೆಗೆದುಕೊಂಡರೆ ಕೊನೆಗೆ ನಮ್ಮ ಅಡಿಗೆಮನೆಗೆ ಎಷ್ಟು ಬಂದೀತು? ನೂರರಲ್ಲಿ ಇಪ್ಪತ್ತು ಕಾಯಿಯೂ ಬಾರದು. ನಲವತ್ತು ಮೇಲ್ಮೈಗಳನ್ನು ದಾಟಿದ ಬೆಳಕಿನ ಗತಿಯೂ ಅದೇ. ಚಿಮ್ಮಿದ ಬೆಳಕು ಸುಮ್ಮನಿರದೆ ಒಳಗೆಲ್ಲ ಅಲೆದಾಡಿ ಬಿಂಬವನ್ನು ಮಂಕು ಮಾಡುವುದೊಂದು ಬೇರೆ. ಹೀಗಾಗಿ ಎಪ್ಪತ್ತು ಎಂಬತ್ತು ವರ್ಷಗಳ ಕಾಲ ವೈದ್ಯರು ಕತ್ತಲೆಕೋಣೆಯಲ್ಲಿ ಒಂದು ಕಣ್ಣು ಮುಚ್ಚಿ, ಮಸುಕು ಹಳದಿ ಬಿಂಬವನ್ನು ದಿಟ್ಟಿಸುತ್ತಲೇ ಇದ್ದರು.

ಈ ಲೆಕ್ಕವನ್ನು ಬಿಡಿಸಿದವನು ವೈದ್ಯನಲ್ಲ. ಹೆರಾಲ್ಡ್ ಹಾಪ್ಕಿನ್ಸ್ ಎಂಬ ಭೌತವಿಜ್ಞಾನಿ, ೧೯೧೮ರಲ್ಲಿ ಲಂಡನ್ನಿನ ಬಡ ಮನೆಯೊಂದರಲ್ಲಿ ಹುಟ್ಟಿದವನು. ಬುದ್ಧಿಯೊಂದರ ಬಲದಿಂದ ಮೇಲೆ ಬಂದವನು. ೧೯೫೧ರಲ್ಲಿ ಒಂದು ಔತಣಕೂಟದಲ್ಲಿ ಅವನ ಪಕ್ಕದಲ್ಲಿ ಹ್ಯೂ ಗೇನ್ಸ್‌ಬರೊ ಎಂಬ ವೈದ್ಯನು ಕುಳಿತಿದ್ದನು. ಜಠರವನ್ನು ನೋಡಲು ಆಗ ಇದ್ದ ನಳಿಗೆಯು ಬಹಳ ಬಿಗುವಾದುದು, ರೋಗಿಗೆ ಹಿಂಸೆ, ಅನೇಕ ಮೂಲೆಗಳು ಕಾಣುವುದೂ ಇಲ್ಲವೆಂದು ಅವನು ಗೋಳು ಹೇಳಿಕೊಂಡನು. ಊಟದ ಮೇಜಿನಲ್ಲಿ ಎಷ್ಟೋ ಗೋಳುಗಳು ಎಲೆಯೊಡನೆ ಎದ್ದುಹೋಗುತ್ತವೆಂಬುದು ಹೋಟೇಲಿನವನಾದ ನನಗೆ ಚೆನ್ನಾಗಿ ಗೊತ್ತು. ಹಾಪ್ಕಿನ್ಸನು ಮಾತ್ರ ಅದನ್ನು ಮನೆಗೆ ಒಯ್ದನು.

ಗಾಜಿನ ಎಳೆಯೊಳಗೆ ಬೆಳಕು ಹೇಗೆ ಹೋಗುತ್ತದೆಯೆಂಬುದನ್ನು ಬಾವಿಯಲ್ಲಿ ಮುಳುಗಿ ಈಜಿದವರು ಸುಲಭವಾಗಿ ತಿಳಿಯಬಲ್ಲರು. ನೀರಿನೊಳಗಿನಿಂದ ಓರೆಯಾಗಿ ಮೇಲೆ ನೋಡಿದರೆ ಆಕಾಶವು ಕಾಣುವುದಿಲ್ಲ. ನೀರಿನ ಮೇಲ್ಮೈಯೇ ಕನ್ನಡಿಯಂತೆ ಹೊಳೆಯುತ್ತದೆ. ಅದೇ ರೀತಿ ಗಾಜಿನ ಎಳೆಯ ಒಂದು ತುದಿಯಿಂದ ಹೊಕ್ಕ ಬೆಳಕು ಅದರ ಗೋಡೆಗಳಿಗೆ ಓರೆಯಾಗಿ ಬಡಿದು ಬಡಿದು, ಎಳೆಯು ಬಾಗಿದರೂ ಹೊರಗೆ ಬೀಳದೆ, ಇನ್ನೊಂದು ತುದಿಯಲ್ಲಿ ಹೊರಡುತ್ತದೆ. ಕೂದಲಿನಂತಹ ಸಹಸ್ರಾರು ಎಳೆಗಳನ್ನು ಕಂತೆ ಕಟ್ಟಿದರೆ ಪ್ರತಿಯೊಂದು ಎಳೆಯೂ ಬಿಂಬದ ಒಂದೊಂದು ಚುಕ್ಕೆಯನ್ನು ಹೊತ್ತು ತರುವುದು. ಒಂದೇ ಕಟ್ಟಳೆಯೆಂದರೆ ಎರಡು ತುದಿಗಳಲ್ಲಿಯೂ ಎಳೆಗಳ ಸ್ಥಾನವು ಅದಲುಬದಲಾಗಕೂಡದು. ರಂಗೋಲಿಯ ಚುಕ್ಕೆಗಳನ್ನು ಕಲಸಿದರೆ ರಂಗೋಲಿಯೆಲ್ಲಿಯದು?

ಈ ಕೆಲಸಕ್ಕೆ ಹಾಪ್ಕಿನ್ಸನ ಜೊತೆಗೆ ನಿಂತವನು ನಮ್ಮ ದೇಶದವನು. ನರೀಂದರ್ ಸಿಂಗ್ ಕಪಾನಿಯು ೧೯೨೬ರಲ್ಲಿ ಪಂಜಾಬಿನ ಮೋಗಾದಲ್ಲಿ ಹುಟ್ಟಿ, ಡೆಹರಾಡೂನಿನಲ್ಲಿ ಬೆಳೆದನು. ಬೆಳಕು ನೇರವಾಗಿಯೇ ಚಲಿಸುತ್ತದೆಂದು ಶಾಲೆಯ ಮಾಸ್ತರರು ಹೇಳಿದಾಗ ಅದೇಕೆ ಬಾಗಬಾರದು ಎಂಬ ಪ್ರಶ್ನೆ ತನ್ನ ತಲೆಯಲ್ಲಿ ಕುಳಿತುಬಿಟ್ಟಿತೆಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ. ೧೯೫೪ರ ಜನವರಿಯಲ್ಲಿ ಇವರಿಬ್ಬರ ಲೇಖನವು 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಗಾಜಿನ ಎಳೆಗಳ ಕಂತೆಯ ಮೂಲಕ ಬಿಂಬವನ್ನು ಸಾಗಿಸಿದ ವೃತ್ತಾಂತ ಅದರಲ್ಲಿತ್ತು. ಅದೇ ಸಂಚಿಕೆಯಲ್ಲಿ ಹಾಲೆಂಡಿನ ವಾನ್ ಹೇಲ್ ಎಂಬವನ ಬರಹವೂ ಇತ್ತು. ಎಳೆಗಳು ಒಂದಕ್ಕೊಂದು ತಾಗಿದಲ್ಲಿ ಬೆಳಕು ಸೋರಿಹೋಗುತ್ತದೆ. ಆದುದರಿಂದ ಪ್ರತಿ ಎಳೆಗೂ ಬೇರೆ ಪದಾರ್ಥದ ಕವಚವನ್ನು ತೊಡಿಸಬೇಕೆಂಬುದು ಅವನ ಸೂಚನೆ. ಅಮೆರಿಕದ ಮಿಶಿಗನ್ನಿನಲ್ಲಿ ಲ್ಯಾರಿ ಕರ್ಟಿಸ್ ಎಂಬ ವಿದ್ಯಾರ್ಥಿಯು ೧೯೫೬ರ ಕೊನೆಯಲ್ಲಿ ಗಾಜಿಗೆ ಗಾಜಿನದೇ ಕವಚವನ್ನು ತೊಡಿಸಿ ಎಳೆ ಎಳೆದನು. ಮರುವರ್ಷ ಬೇಸಿಲ್ ಹಿರ್ಶೊವಿಟ್ಜ್ ಎಂಬ ವೈದ್ಯನು ಅಂತಹ ಎಳೆಗಳ ಬಾಗುವ ನಳಿಗೆಯನ್ನು ಮೊದಲು ತಾನೇ ನುಂಗಿ ನೋಡಿ, ಕೆಲವೇ ದಿನಗಳಲ್ಲಿ ರೋಗಿಯ ಮೇಲೆ ಪ್ರಯೋಗಿಸಿದನು. ಇಂದು ಹೊಟ್ಟೆಯ ಹುಣ್ಣಿಗೆ 'ಸ್ಕೋಪಿ' ಮಾಡಿಸಿಕೊಂಡು ಬರುವ ನಮ್ಮವರೆಲ್ಲರೂ ಕತ್ತಿ ನುಂಗುವವರಾಗದೆ ಉಳಿದುದು ಇವರ ಪುಣ್ಯದಿಂದ. ಕಪಾನಿಯು ೨೦೨೦ರ ಡಿಸೆಂಬರಿನಲ್ಲಿ ತೀರಿಕೊಂಡನು. ನಮ್ಮ ಸರಕಾರದ ಪದ್ಮವಿಭೂಷಣವು ಅವನಿಗೆ ದೊರೆತುದು ಮರಣಾನಂತರ. ಗಾಜಿನ ಎಳೆಯ ಕುರಿತಾದ ನೊಬೆಲ್ ಪಾರಿತೋಷಕವು ೨೦೦೯ರಲ್ಲಿ ಚಾರ್ಲ್ಸ್ ಕಾವೊನಿಗೆ ಹೋಯಿತು. ಕಾವೊನ ಯೋಗ್ಯತೆಯು ದೊಡ್ಡದೇ; ಆದರೂ ಆ ಪಟ್ಟಿಯಲ್ಲಿ ಕಪಾನಿಯ ಹೆಸರು ಇಲ್ಲದಿರುವುದು ನನಗೆ ಸರಿಕಾಣುವುದಿಲ್ಲ.

ಬಾಗುವ ನಳಿಗೆಯು ಜಠರಕ್ಕೂ ಕರುಳಿಗೂ ಒದಗಿತು. ಹೊಟ್ಟೆಯ ಗೋಡೆಯನ್ನು ತೂತು ಮಾಡಿ ಒಳಗೆ ಶಸ್ತ್ರಕ್ರಿಯೆ ಮಾಡುವವನಿಗೆ ಚುಕ್ಕೆ ಚುಕ್ಕೆಯಾದ ಬಿಂಬವು ಸಾಲದು. ಅವನಿಗೆ ನೇರವಾದ, ಸ್ವಚ್ಛವಾದ ನೋಟ ಬೇಕು. ಇಲ್ಲಿಯೂ ಹಾಪ್ಕಿನ್ಸನೇ ಬಂದನು. ೧೯೫೭ರಲ್ಲಿ ಲಿವರ್‌ಪೂಲಿನ ಜಿಮ್ ಗೌ ಎಂಬ ಮೂತ್ರರೋಗ ತಜ್ಞನು ಮೂತ್ರಾಶಯದ ಗಂಟುಗಳ ಫೋಟೋ ತೆಗೆಯಬೇಕೆಂದು ಹವಣಿಸಿ, ಬೆಳಕು ಸಾಲದೆ ಸೋತು, ಇವನ ಬಳಿಗೆ ಬಂದನು. ಹಾಪ್ಕಿನ್ಸನು ಮಾಡಿದ ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳಬಹುದು: ಗಾಳಿಯಿದ್ದಲ್ಲಿ ಗಾಜನ್ನಿಟ್ಟನು, ಗಾಜಿದ್ದಲ್ಲಿ ಗಾಳಿಯನ್ನಿಟ್ಟನು. ಹಳೆಯ ನಳಿಗೆಯಲ್ಲಿ ತೆಳ್ಳನೆಯ ಮಸೂರಗಳ ನಡುವೆ ಉದ್ದುದ್ದ ಗಾಳಿಯ ಜಾಗ. ಹೊಸದರಲ್ಲಿ ಉದ್ದುದ್ದ ಗಾಜಿನ ಸರಳುಗಳು, ಅವುಗಳ ತುದಿಗಳು ಮಸೂರದಂತೆ ಉಜ್ಜಿದುವು; ನಡುವೆ ತೆಳ್ಳನೆಯ ಗಾಳಿಯ ಸಂದುಗಳೇ ಮಸೂರದ ಕೆಲಸ ಮಾಡುವುವು.

ಇದರಿಂದ ಲಾಭವೇನೆಂದರೆ, ಗಾಜಿನ ವಕ್ರೀಭವನಾಂಕವು ಸುಮಾರು ಒಂದೂವರೆ; ಬೆಳಕಿನ ಸಾಗಣೆಯು ಅದರ ವರ್ಗದಂತೆ ಬೆಳೆಯುವುದರಿಂದ ಅಷ್ಟಕ್ಕೇ ಎರಡು ಪಟ್ಟಿಗಿಂತ ಹೆಚ್ಚಾಯಿತು. ಮತ್ತೊಂದು ಮರ್ಮವುಂಟು. ತೆಳ್ಳನೆಯ ಮಸೂರಗಳು ಅಲುಗಾಡದಂತೆ ಅವುಗಳ ನಡುವೆ ಲೋಹದ ಒಳಕೊಳವೆಗಳನ್ನು ತುರುಕಬೇಕಿತ್ತು. ಅವು ದಾರಿಯನ್ನೇ ಕಿರಿದು ಮಾಡುತ್ತಿದ್ದುವು. ಸರಳುಗಳಾದರೋ ತಾವೇ ನೆಟ್ಟಗೆ ಕೂರುತ್ತವೆ. ಹೀಗೆ ದಾರಿಯ ಅಗಲವು ಕೊಂಚ ಹೆಚ್ಚಿತು. ಕೊಂಚವೆಂದರೂ, ಬೆಳಕು ಅಗಲದ ನಾಲ್ಕನೆಯ ಘಾತದಂತೆ ಏರುವುದರಿಂದ, ಎಲ್ಲ ಸೇರಿ ಸುಮಾರು ಒಂಬತ್ತು ಪಟ್ಟು ಬೆಳಕು ಬಂದಿತು. ಮೇಲೆ ಹೇಳಿದ ದಲ್ಲಾಳಿಗಳ ಕಾಟಕ್ಕೂ ಮದ್ದಿತ್ತು: ಗಾಜಿನ ಮುಖಗಳಿಗೆ ಅತಿ ತೆಳುವಾದ ಲೇಪವನ್ನು ಕೊಟ್ಟರೆ ನೂರಕ್ಕೆ ನಾಲ್ಕರ ನಷ್ಟವು ನೂರಕ್ಕೆ ಅರ್ಧಕ್ಕೂ ಇಳಿಯುತ್ತದೆ, ಆಗ ನಲವತ್ತು ಮುಖಗಳನ್ನು ದಾಟಿದರೂ ಎಂಬತ್ತು ಪಾಲು ಉಳಿಯುತ್ತದೆ.

೧೯೫೯ರಲ್ಲಿ ಹಾಪ್ಕಿನ್ಸನು ಇದಕ್ಕೆ ಪೇಟೆಂಟ್ ಕೋರಿದನು. ಇಂಗ್ಲೆಂಡಿನ ಕಾರಖಾನೆಗಳವರು ಕೊಳ್ಳಲಿಲ್ಲ, ಅಮೆರಿಕದವರೂ ಕೊಳ್ಳಲಿಲ್ಲ. ಆರು ವರ್ಷಗಳ ಮೇಲೆ, ೧೯೬೫ರಲ್ಲಿ, ಜರ್ಮನಿಯ ಟುಟ್ಲಿಂಗೆನ್ ಎಂಬ ಸಣ್ಣ ಪಟ್ಟಣದ ಕಾರ್ಲ್ ಸ್ಟೋರ್ಜ್ ಎಂಬ ಉಪಕರಣ ತಯಾರಕನು ಇವನನ್ನು ಕಂಡು ಕೈಹಿಡಿದನು. ಸ್ಟೋರ್ಜನು ಅದಾಗಲೇ, ೧೯೬೦ರಲ್ಲಿ, ದೀಪವನ್ನು ರೋಗಿಯ ಹೊಟ್ಟೆಯಿಂದ ಹೊರಕ್ಕೆ ತಂದಿದ್ದನು; ಹೊರಗಿನ ಪೆಟ್ಟಿಗೆಯಲ್ಲಿ ಪ್ರಖರವಾದ ದೀಪ, ಗಾಜಿನ ಎಳೆಗಳ ಹಗ್ಗದ ಮೂಲಕ ಬೆಳಕು ಮಾತ್ರ ಒಳಗೆ. ಇದಕ್ಕೆ 'ತಣ್ಣನೆಯ ಬೆಳಕು' ಎಂಬ ಹೆಸರು ಬಂದಿತು. ಹೆಸರನ್ನು ನಂಬಿ ಆ ಹಗ್ಗದ ತುದಿಯನ್ನು ರೋಗಿಯ ಮೇಲಿನ ಬಟ್ಟೆಯ ಮೇಲೆ ಇರಿಸಿದರೆ ಬಟ್ಟೆ ಸುಡುತ್ತದೆ. ೧೯೬೭ರಲ್ಲಿ ಹಾಪ್ಕಿನ್ಸನ ಸರಳುಗಳೂ ಸ್ಟೋರ್ಜನ ಬೆಳಕೂ ಒಂದೇ ನಳಿಗೆಯಲ್ಲಿ ಕೂಡಿದುವು. ಇಂದು ಮುಂಬಯಿಯ ಯಾವ ಶಸ್ತ್ರಾಗಾರವನ್ನು ಹೊಕ್ಕರೂ ಕಾಣುವ ಗಟ್ಟಿ ನಳಿಗೆಯು ಬಹುಮಟ್ಟಿಗೆ ಅದರದೇ ಸಂತಾನ.

ನಳಿಗೆಯು ಸಿದ್ಧವಾಯಿತೆಂದ ಮಾತ್ರಕ್ಕೆ ಶಸ್ತ್ರವೈದ್ಯರ ಮನಸ್ಸು ಸಿದ್ಧವಾಗಲಿಲ್ಲ. ಹೊಟ್ಟೆಯನ್ನು ಗಾಳಿಯಿಂದ ಉಬ್ಬಿಸಿ ನಳಿಗೆಯನ್ನು ಇಳಿಸಿ ನೋಡುವ ಪ್ರಯೋಗವನ್ನು ೧೯೦೧ರಲ್ಲಿಯೇ ಗೆಯೋರ್ಗ್ ಕೆಲ್ಲಿಂಗ್ ಎಂಬವನು ನಾಯಿಯೊಂದರ ಮೇಲೆ ಮಾಡಿ ತೋರಿಸಿದ್ದನು; ೧೯೧೦ರಲ್ಲಿ ಸ್ವೀಡನ್ನಿನ ಯಾಕೊಬೇಯುಸ್ ಮನುಷ್ಯರಲ್ಲಿ ಮಾಡಿದ್ದನು. ನೋಡುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಕೊಯ್ಯುತ್ತೇನೆಂದಾಗ ಕೋಲಾಹಲವೆದ್ದಿತು. ಕೀಲ್ ನಗರದ ಕುರ್ಟ್ ಸೆಮ್ ಎಂಬ ಸ್ತ್ರೀರೋಗ ತಜ್ಞನು ೧೯೮೦ರಲ್ಲಿ ಈ ರೀತಿಯಿಂದ ಅಪೆಂಡಿಕ್ಸ್ ತೆಗೆದುದಕ್ಕೆ ಸ್ವದೇಶದ ಶಸ್ತ್ರವೈದ್ಯರಿಂದಲೇ ನಿಂದೆಗೆ ಗುರಿಯಾದನು. ಬೊಬ್ಲಿಂಗೆನ್ನಿನ ಎರಿಕ್ ಮ್ಯೂಹೆಯು ೧೯೮೫ರ ಸೆಪ್ಟೆಂಬರ್ ೧೨ರಂದು ಪಿತ್ತಕೋಶವನ್ನು ತೆಗೆದನು. ಮರುವರ್ಷ ಶಸ್ತ್ರವೈದ್ಯರ ಸಮ್ಮೇಲನದಲ್ಲಿ ಅದನ್ನು ಹೇಳಿದಾಗ ಸಭೆಯು ಹಾಸ್ಯ ಮಾಡಿತು. ಅದೇ ಸಂಘವು ೧೯೯೨ರಲ್ಲಿ ಅವನನ್ನು ಕರೆದು ಗೌರವಿಸಿತು.

ಮನಸ್ಸುಗಳನ್ನು ತಿರುಗಿಸಿದ್ದು ವಾದವಲ್ಲ, ಕೆಮರಾ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಬಾಯ್ಲ್ ಮತ್ತು ಸ್ಮಿತ್ ಎಂಬಿಬ್ಬರು ೧೯೬೯ರಲ್ಲಿ, ಬೆಳಕನ್ನು ವಿದ್ಯುತ್ತಾಗಿ ಮಾಡಿ ಲೆಕ್ಕವಿಡುವ ಸಿಲಿಕಾನಿನ ಬಿಲ್ಲೆಯೊಂದನ್ನು ಕಲ್ಪಿಸಿದರು. ಅದು ಉಗುರಿಗಿಂತ ಚಿಕ್ಕದಾದಾಗ ನಳಿಗೆಯ ತುದಿಗೆ ಏರಿತು. ಅಲ್ಲಿಯವರೆಗೆ ನಳಿಗೆಗೆ ಕಣ್ಣು ಹಚ್ಚಿದ ಒಬ್ಬನಿಗೆ ಮಾತ್ರ ಒಳಗಿನದು ಕಾಣುತ್ತಿತ್ತು. ಅವನ ಒಂದು ಕೈ ನಳಿಗೆಯಲ್ಲಿಯೇ ಸಿಕ್ಕಿಬಿದ್ದು, ಸಹಾಯಕರು ಕುರುಡರಂತೆ ಸುತ್ತ ನಿಂತಿರುತ್ತಿದ್ದರು. ಪರದೆಯು ಬಂದ ಮೇಲೆ ಎಲ್ಲರೂ ಕಂಡರು. ಸಹಾಯಕನು ಕೆಮರಾ ಹಿಡಿದನು, ವೈದ್ಯನ ಎರಡೂ ಕೈಗಳು ಬಿಡುವಾದುವು. ಫ್ರಾನ್ಸಿನ ಲಿಯೋನಿನಲ್ಲಿ ಫಿಲಿಪ್ ಮೂರೆ ೧೯೮೭ರಲ್ಲಿ ಕೆಮರಾದ ನೆರವಿನಿಂದ ಪಿತ್ತಕೋಶವನ್ನು ತೆಗೆದ ಮೇಲೆ ಸುದ್ದಿಯು ಕಾಡುಗಿಚ್ಚಿನಂತೆ ಹಬ್ಬಿತು.

ಮುಂಬಯಿಯೂ ಹಿಂದೆ ಬೀಳಲಿಲ್ಲ. ಭಾಯಖಳದ ಜೆ. ಜೆ. ಆಸ್ಪತ್ರೆಯು ೧೮೪೫ರಿಂದ ಬಡವರ ಆಸ್ಪತ್ರೆ. ಅಲ್ಲಿ ಡಾಕ್ಟರ್ ತೆಹಮ್ಟನ್ ಉದ್ವಾಡಿಯಾ ಅವರು ೧೯೭೨ರಿಂದಲೇ ರೋಗನಿದಾನಕ್ಕಾಗಿ ಲ್ಯಾಪರೊಸ್ಕೋಪನ್ನು ಬಳಸುತ್ತಿದ್ದರು. ಹೊಟ್ಟೆಯ ಕ್ಷಯವನ್ನೋ ಅರ್ಬುದವನ್ನೋ ತಿಳಿಯಲು ದೊಡ್ಡ ಯಂತ್ರಗಳು ಇಲ್ಲದ ಕಾಲದಲ್ಲಿ, ಒಳಗೆ ಇಣುಕಿ ನೋಡುವುದಕ್ಕಿಂತ ಅಗ್ಗವಾದ ದಾರಿ ಬೇರೆಯಿಲ್ಲವೆಂಬುದು ಅವರ ನಿಲುವು. ೧೯೯೦ರಲ್ಲಿ ಅದೇ ಆಸ್ಪತ್ರೆಯಲ್ಲಿ ಅವರು ಈ ರೀತಿಯಿಂದ ಪಿತ್ತಕೋಶವನ್ನು ತೆಗೆದರು. ಭಾರತದಲ್ಲಿ ಅದೇ ಮೊದಲನೆಯದು. ಇದು ಶ್ರೀಮಂತ ದೇಶಗಳ ಬೆಡಗು, ನಮಗೇಕೆ ಎಂದು ಆಗ ಕೇಳಿದವರುಂಟು. ಬೇಗ ಕೆಲಸಕ್ಕೆ ಮರಳಬೇಕಾದವನು ಬಡವನೇ ಎಂಬ ಅವರ ವಾದವು ನಮ್ಮ ಭಟ್ಟರನ್ನು ಬಲ್ಲ ನನಗೆ ತಕರಾರಿಲ್ಲದೆ ಒಪ್ಪಿಗೆಯಾಗಿದೆ. ಪದ್ಮಭೂಷಣ ಉದ್ವಾಡಿಯಾ ಅವರು ೨೦೨೩ರ ಜನವರಿಯಲ್ಲಿ ನಿಧನರಾದರು.

ಹಾಗಾದರೆ ಉಪಕರಣ ಕಲ್ಪಿಸುವವರಿಗೆ ಇನ್ನು ಉಳಿದ ಕೆಲಸವೇನು? ಬೇಕಾದಷ್ಟಿದೆ. ಮೊದಲನೆಯದು, ಇಡ್ಲಿಯ ಅಟ್ಟದ ಮುಚ್ಚಳ ತೆಗೆದಾಗ ಕನ್ನಡಕ ಹಾಕಿದವರೆಲ್ಲರೂ ಅನುಭವಿಸುವ ಕಷ್ಟ. ಹವಾನಿಯಂತ್ರಿತ ಕೋಣೆಯ ತಣ್ಣನೆಯ ನಳಿಗೆಯು ಮೈಬಿಸಿಯ, ತೇವದ ಹೊಟ್ಟೆಯನ್ನು ಹೊಕ್ಕೊಡನೆ ಅದರ ಗಾಜಿನ ಮೇಲೆ ಹಬೆ ಕೂಡುತ್ತದೆ. ಇದಕ್ಕೆ ಲೇಪಗಳು, ಕಾಯಿಸುವ ಸಾಧನಗಳು ಎಷ್ಟೋ ಬಂದಿವೆ. ಆದರೂ ಲಕ್ಷಾಂತರ ರೂಪಾಯಿಯ ಕೆಮರಾದ ಪಕ್ಕದಲ್ಲಿ ಬಿಸಿನೀರಿನ ಉಕ್ಕಿನ ಫ್ಲಾಸ್ಕೊಂದು ಕುಳಿತಿರುವುದು, ವೈದ್ಯರು ಆಗಾಗ ನಳಿಗೆಯ ಮೂತಿಯನ್ನು ಅದರಲ್ಲಿ ಅದ್ದಿ ಒರೆಸುವುದು, ಇಂದಿಗೂ ಅನೇಕ ಶಸ್ತ್ರಾಗಾರಗಳ ವಾಡಿಕೆ.

ಎರಡನೆಯದು ಕ್ರಿಮಿಶುದ್ಧಿ. ೧೩೪ ಡಿಗ್ರಿ ಸೆಂಟಿಗ್ರೇಡಿನ ಒತ್ತಡದ ಉಗಿಯಲ್ಲಿ ಈ ನಳಿಗೆಯನ್ನು ಬೇಯಿಸಬೇಕು. ಗಾಜು ಒಂದು ಪ್ರಮಾಣದಲ್ಲಿ ಹಿಗ್ಗುತ್ತದೆ, ಉಕ್ಕು ಇನ್ನೊಂದರಲ್ಲಿ, ನಡುವಿನ ಅಂಟು ಮೂರನೆಯದರಲ್ಲಿ. ನೂರಾರು ಸಲ ಹಿಗ್ಗಿ ಕುಗ್ಗಿದ ಮೇಲೆ ಎಲ್ಲಿಯಾದರೂ ಕೂದಲಿನಷ್ಟು ಬಿರುಕು ಬಿಟ್ಟರೆ ಒಳಗೆ ತೇವ ಸೇರಿ ನಳಿಗೆಯು ಕುರುಡಾಗುತ್ತದೆ. ಅದಕ್ಕಾಗಿ ತುದಿಯ ಕಿಟಕಿಗೆ ನೀಲಮಣಿಯ ಜಾತಿಯ ಕೃತಕ ಸ್ಫಟಿಕವನ್ನು ಬೆಸೆಯುವುದುಂಟು.

ಮೂರನೆಯದು ಆಳದ ಅರಿವು. ಪರದೆಯ ಚಿತ್ರವು ಚಪ್ಪಟೆ. ಕತ್ತರಿಯು ರಕ್ತನಾಳದ ಮುಂದಿದೆಯೋ ಹಿಂದಿದೆಯೋ ಎಂಬುದನ್ನು ವೈದ್ಯರು ನೆರಳು, ಚಲನೆಗಳಿಂದ ಊಹಿಸಬೇಕಾಗುತ್ತದೆ. ಎರಡು ಕಣ್ಣುಗಳಂತೆ ಎರಡು ಕೆಮರಾಗಳನ್ನು ಒಂದೇ ನಳಿಗೆಯಲ್ಲಿ ಅಡಕಿದ ಉಪಕರಣಗಳು ಬಂದಿವೆ. ಬೆಲೆಯೂ ಅದಕ್ಕೆ ತಕ್ಕಂತೆ ಉಂಟು. ನೇರ ಮುಂದಕ್ಕೆ ನೋಡದೆ ಮೂವತ್ತು ಡಿಗ್ರಿ ಓರೆಯಾಗಿ ನೋಡುವಂತೆ ತುದಿಯಲ್ಲಿ ಪಟ್ಟಕವನ್ನಿಟ್ಟ ನಳಿಗೆಯೂ ಇದೆ. ಅದನ್ನು ತಿರುಗಿಸಿದರೆ ಮೂಲೆಯ ಆಚೆಗೂ ಕಣ್ಣು ಹಾಯುತ್ತದೆ. ಇನ್ನು ಬಣ್ಣ. ಶಸ್ತ್ರಕ್ರಿಯೆಗೆ ಮುಂಚೆ ಕೆಮರಾಕ್ಕೆ ಬಿಳಿಯ ಹತ್ತಿಬಟ್ಟೆಯನ್ನು ತೋರಿಸಿ 'ಇದು ಬಿಳಿ' ಎಂದು ಕಲಿಸುತ್ತಾರೆ. ಹಾಗೆ ಕಲಿಸದಿದ್ದರೆ ಆರೋಗ್ಯದ ಕೆಂಪು ಯಾವುದು, ಉರಿಯೂತದ ಕೆಂಪು ಯಾವುದು ಎಂದು ತಿಳಿಯುವುದು ಕಷ್ಟ.

ಇವೆಲ್ಲವೂ ಯಾಕೆಂದು ಕೇಳಿದರೆ, ಅಪಾಯವು ನಿಜವಾದುದು. ಪಿತ್ತಕೋಶದ ಕಿರುನಾಳವೂ ಪಿತ್ತಜನಕಾಂಗದಿಂದ ಕರುಳಿಗೆ ಹೋಗುವ ಮುಖ್ಯನಾಳವೂ ಒಂದರ ಪಕ್ಕದಲ್ಲಿ ಒಂದಿವೆ. ಕಿರುನಾಳವನ್ನು ಕತ್ತರಿಸಬೇಕು, ಮುಖ್ಯನಾಳವನ್ನು ಮುಟ್ಟಬಾರದು. ಉರಿಯೂತದಿಂದ ಎಲ್ಲವೂ ಅಂಟಿಕೊಂಡಾಗ ಒಂದನ್ನು ಇನ್ನೊಂದೆಂದು ಕಾಣುವುದು ಸುಲಭ. ಈ ವಿಧಾನವು ಬಂದ ಆರಂಭದ ವರ್ಷಗಳಲ್ಲಿ ಇಂತಹ ಗಾಯಗಳು ಹಳೆಯ ವಿಧಾನದಲ್ಲಿದ್ದುದಕ್ಕಿಂತ ಹೆಚ್ಚಾದುವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಅದಕ್ಕೊಂದು ಸೊಗಸಾದ ಪರಿಹಾರವುಂಟು. ಇಂಡೊಸಯನೀನ್ ಗ್ರೀನ್ ಎಂಬ ಹಸಿರು ಬಣ್ಣದ ಮದ್ದನ್ನು ರಕ್ತನಾಳಕ್ಕೆ ಕೊಟ್ಟರೆ, ಪಿತ್ತಜನಕಾಂಗವು ಅದನ್ನು ಹೀರಿ ಪಿತ್ತರಸದೊಡನೆ ಹೊರಹಾಕುತ್ತದೆ. ನಮ್ಮ ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕನ್ನು ಅದರ ಮೇಲೆ ಬೀರಿದರೆ ಅದು ತಾನೇ ಬೆಳಗುತ್ತದೆ. ಆ ಬೆಳಕನ್ನು ಮಾತ್ರ ಹಿಡಿಯುವ ಕೆಮರಾವು ಪರದೆಯ ಮೇಲೆ ನಾಳಗಳನ್ನು ದೀಪಾವಳಿಯ ಸಾಲಿನಂತೆ ತೋರಿಸುತ್ತದೆ. ಇದು ಇದ್ದರೂ ವೈದ್ಯರಿಗೆ ಸಂದೇಹ ಬಂದರೆ ಹೊಟ್ಟೆಯನ್ನು ತೆರೆದೇ ಮುಂದುವರಿಯುತ್ತಾರೆ. ಹಾಗೆ ಮಾಡಿದರೆಂದು ರೋಗಿಯ ಕಡೆಯವರು ಗಲಾಟೆ ಎಬ್ಬಿಸುವುದನ್ನು ಕೇಳಿದ್ದೇನೆ. ಗಲಾಟೆ ಮಾಡುವ ಬದಲು ಅಂಥ ವೈದ್ಯರಿಗೆ ಕೈಮುಗಿಯಬೇಕು.

ನುಂಗುವ ಕೆಮರಾದ ಸುದ್ದಿಯನ್ನು ಅನೇಕರು ಕೇಳಿರಬಹುದು. ಇಸ್ರೇಲಿನ ಗಾವ್ರಿಯೆಲ್ ಇಡ್ಡಾನ್ ಎಂಬ ಇಂಜಿನಿಯರನ ಕಲ್ಪನೆ. ೨೦೦೧ರಲ್ಲಿ ಅಮೆರಿಕದ ಸರಕಾರದ ಒಪ್ಪಿಗೆ ದೊರೆಯಿತು. ೨೬ ಮಿಲಿಮೀಟರ್ ಉದ್ದದ ಗುಳಿಗೆಯೊಳಗೆ ದೀಪ, ಮಸೂರ, ಕೆಮರಾ, ರೇಡಿಯೋ ಎಲ್ಲವೂ ಇದ್ದು, ಸೆಕೆಂಡಿಗೆ ಎರಡರಂತೆ ಚಿತ್ರ ತೆಗೆಯುತ್ತ ಕರುಳಿನಲ್ಲಿ ತಾನೇ ಸಾಗುತ್ತದೆ. ಅದು ನೋಡಬಲ್ಲುದು, ಕೊಯ್ಯಲಾರದು.

ನನಗೆ ಇವಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸುವುವು ಬಡ ಆಸ್ಪತ್ರೆಗಳಿಗಾಗಿ ನಡೆದಿರುವ ಕೆಲಸಗಳು. ಲ್ಯಾಪರೊಸ್ಕೋಪಿಗೆ ಹೊಟ್ಟೆಯನ್ನು ಇಂಗಾಲಾಮ್ಲ ವಾಯುವಿನಿಂದ ಉಬ್ಬಿಸಬೇಕು, ಅದಕ್ಕೆ ಪೂರ್ಣ ಅರಿವಳಿಕೆ ಬೇಕು, ಅದಕ್ಕೆ ತಜ್ಞರು ಬೇಕು, ವಿದ್ಯುತ್ತು ಕೈಕೊಡಬಾರದು. ತಾಲ್ಲೂಕು ಆಸ್ಪತ್ರೆಯಲ್ಲಿ ಇವೆಲ್ಲವೂ ಒಂದೇ ದಿನ ಒದಗುವುದು ದುರ್ಲಭ. ನಮ್ಮ ದೇಶದ ಕೆಲವು ಗ್ರಾಮೀಣ ಶಸ್ತ್ರವೈದ್ಯರು ವಾಯುವನ್ನೇ ಬಿಟ್ಟು, ಹೊಟ್ಟೆಯ ಗೋಡೆಯನ್ನು ಕೊಕ್ಕೆಯಂತಹ ಸಾಧನದಿಂದ ಗುಡಾರದ ಬಟ್ಟೆಯಂತೆ ಮೇಲಕ್ಕೆ ಎತ್ತಿ ಹಿಡಿದು, ಬೆನ್ನಿಗೆ ಕೊಡುವ ಅರಿವಳಿಕೆಯಲ್ಲಿಯೇ ಕೆಲಸ ಮಾಡುವುದನ್ನು ರೂಢಿಸಿಕೊಂಡರು. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾನಿಲಯದವರು ಭಾರತೀಯ ವೈದ್ಯರೊಡನೆ ಕೂಡಿ ಆ ಸಾಧನವನ್ನು ಹೊಸದಾಗಿ ಕಲ್ಪಿಸಿದ್ದಾರೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದವರು ಯುಗಾಂಡಾದ ವೈದ್ಯರ ಜೊತೆಗೂಡಿ ಮಾಡಿರುವ ಲ್ಯಾಪರೊಸ್ಕೋಪಿನಲ್ಲಿ ಹಾಪ್ಕಿನ್ಸನ ಸರಳುಗಳೂ ಇಲ್ಲ, ಸ್ಟೋರ್ಜನ ಹಗ್ಗವೂ ಇಲ್ಲ. ತುದಿಯಲ್ಲಿಯೇ ಫೋನಿನ ಜಾತಿಯ ಸಣ್ಣ ಕೆಮರಾ, ಅದರ ಪಕ್ಕದಲ್ಲಿಯೇ ಎಲ್.ಇ.ಡಿ. ದೀಪ. ನಿಟ್ಜೆಯಂತೆ ದೀಪವನ್ನು ಮತ್ತೆ ಒಳಕ್ಕೇ ಒಯ್ದಿದ್ದಾರೆ. ತಂತಿಯನ್ನು ಸಾಧಾರಣ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಅದೇ ಪರದೆ, ಅದೇ ವಿದ್ಯುತ್ತು. ಊರಿನ ಕರೆಂಟು ಹೋದರೂ ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಒಳಗಿನ ದೀಪ ಉರಿಯುತ್ತಿರುತ್ತದೆ.